ಹಳೆಯ ಕಾರಿನ ‘ಟಿಕ್ ಟಿಕ್’ ಏನು ಹೇಳುತ್ತದೆ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಮುಂದೆ ಇಂದಿಗೂ ಅಲ್ಲೊಂದು ಇಲ್ಲೊಂದು ಹಳೆಯ ಕಾರು ಕಾಣಸಿಗುತ್ತದೆ. ಕೆಲವು ಮನೆಗಳಲ್ಲಿ ಅದು ಅಂಬಾಸಿಡರ್, ಕೆಲವೆಡೆ ಪ್ರೀಮಿಯರ್ ಪದ್ಮಿನಿ, ಇನ್ನು ಕೆಲವೆಡೆ ಮಾರುತಿ 800. ತಾತ ಕೊಂಡದ್ದು, ಅಪ್ಪ ಓಡಿಸಿದ್ದು, ಈಗ ಮೊಮ್ಮಗಳು ಡ್ರೈವಿಂಗ್ ಕಲಿಯುತ್ತಿರುವುದು. ಮೂರೂ ಮಾದರಿಗಳ ಉತ್ಪಾದನೆ ನಿಂತುಹೋಗಿದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡೂ 2014ರಲ್ಲೇ ನಿಂತವು. ಹಾಗಾಗಿ ಮನೆಯಲ್ಲಿ ಉಳಿದಿರುವ ಕಾರನ್ನು ಜೋಪಾನ ಮಾಡಿಕೊಳ್ಳುವುದೊಂದೇ ದಾರಿ.

ಇಂಥ ಕಾರು ಒಂದು ಬೆಳಿಗ್ಗೆ ‘ಟಿಕ್ ಟಿಕ್’ ಎನ್ನತೊಡಗಿತೆನ್ನಿ. ಮನೆಯ ಮುಂದೆ ಪುಟ್ಟ ಸಭೆಯೇ ಸೇರಿಬಿಡುತ್ತದೆ. ‘ಟ್ಯಾಪೆಟ್ ಸಡಿಲವಾಗಿದೆ’ ಎನ್ನುತ್ತಾರೆ ಒಬ್ಬರು. ‘ಬೇರಿಂಗ್ ಹೋಗಿದೆ’ ಎನ್ನುತ್ತಾರೆ ಇನ್ನೊಬ್ಬರು. ‘ಇಂಜಿನ್ ಇಳಿಸದೆ ಗತಿಯಿಲ್ಲ, ಮಾರಿಬಿಡಿ’ ಎಂದು ಪಕ್ಕದ ಮನೆಯವರ ತೀರ್ಪು. ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಾಗಿರುವುದರಿಂದ, ‘ಇಟ್ಟುಕೊಳ್ಳುವುದೋ, ಕೊಡುವುದೋ’ ಎಂಬ ಪ್ರಶ್ನೆ ಮೊದಲೇ ಮನೆಯಲ್ಲಿ ಸುಳಿದಾಡುತ್ತಿರುತ್ತದೆ. ಈ ಶಬ್ದ ಅದಕ್ಕೊಂದು ನೆಪವಾಗುತ್ತದೆ.

ಆದರೆ ಅದೇ ‘ಟಿಕ್ ಟಿಕ್’ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುವ ದೋಷವಾಗಿರಬಹುದು. ಇಡೀ ಇಂಜಿನ್ನನ್ನೇ ಬಿಚ್ಚಬೇಕಾದ ರೋಗದ ಮುನ್ಸೂಚನೆಯೂ ಆಗಿರಬಹುದು. ಇವೆರಡರ ನಡುವಿನ ವ್ಯತ್ಯಾಸವನ್ನು ಹಣ ತೆರುವ ಮೊದಲೇ ತಿಳಿಯುವುದು ಸಾಧ್ಯ. ಬೇಕಾದದ್ದು ತಾಳ್ಮೆ, ಕ್ರಮ ಮತ್ತು ಎರಡು ಕಿವಿ.

ಶಬ್ದ ಹುಟ್ಟುವುದೆಲ್ಲಿ?

ಪೆಟ್ರೋಲ್ ಇಂಜಿನ್ನಿನ ಪ್ರತಿ ಸಿಲಿಂಡರಿಗೂ ವಾಲ್ವ್ ಎಂಬ ಕವಾಟಗಳಿರುತ್ತವೆ. ಒಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡುತ್ತದೆ, ಇನ್ನೊಂದು ಸುಟ್ಟ ಹೊಗೆಯನ್ನು ಹೊರಗೆ ಕಳಿಸುತ್ತದೆ. ಇವುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟ್. ಅಂಬಾಸಿಡರಿನ 1489 ಸಿ.ಸಿ. ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲೂ ಪದ್ಮಿನಿಯ 1089 ಸಿ.ಸಿ. ಇಂಜಿನ್ನಿನಲ್ಲೂ ಕ್ಯಾಮ್ ಶಾಫ್ಟ್ ಕೆಳಗಿದೆ. ಅದು ಉದ್ದನೆಯ ಕಡ್ಡಿಗಳನ್ನು ಮೇಲಕ್ಕೆ ತಳ್ಳುತ್ತದೆ, ಕಡ್ಡಿಗಳು ಏತದ ಮರದಂತಿರುವ ‘ರಾಕರ್’ಗಳನ್ನು ಎತ್ತುತ್ತವೆ, ರಾಕರಿನ ಇನ್ನೊಂದು ತುದಿ ವಾಲ್ವನ್ನು ಒತ್ತುತ್ತದೆ. ಮಾರುತಿ 800ರ 796 ಸಿ.ಸಿ. ಇಂಜಿನ್ನಿನಲ್ಲಿ ಕ್ಯಾಮ್ ಶಾಫ್ಟ್ ಮೇಲೆಯೇ ಇದೆ, ರಾಕರುಗಳು ಅಲ್ಲೂ ಇವೆ.

ಲೋಹ ಬಿಸಿಯಾದರೆ ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಆ ಹಿಗ್ಗುವಿಕೆಗೆ ಜಾಗವಿರಲೆಂದು ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಅದರ ಅಳತೆ ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡೋ ಮೂರು ನಾಲ್ಕೋ ಭಾಗ, ಅಂದರೆ ನೋಟ್ ಪುಸ್ತಕದ ಕೆಲವು ಹಾಳೆಗಳ ದಪ್ಪ. ಸವೆತದಿಂದ ಈ ಸಂದು ಹೆಚ್ಚಾದರೆ ರಾಕರ್ ವಾಲ್ವನ್ನು ಒತ್ತುವ ಬದಲು ಕುಟ್ಟುತ್ತದೆ. ಅದೇ ‘ಟಿಕ್’. ಗ್ಯಾರೇಜಿನ ಭಾಷೆಯಲ್ಲಿ ‘ಟ್ಯಾಪೆಟ್ ಸೌಂಡ್’.

ಇಲ್ಲೊಂದು ಸಣ್ಣ ಲೆಕ್ಕವಿದೆ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ನಿಂತಲ್ಲೇ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಒಂದು ವಾಲ್ವ್ ತೆರೆಯುವುದು 400 ಬಾರಿ. ಸೆಕೆಂಡಿಗೆ ಸುಮಾರು ಏಳು ಟಿಕ್. ಆಕ್ಸಿಲರೇಟರ್ ಒತ್ತಿದಂತೆ ಈ ಲಯವೂ ಏರುತ್ತದೆ.

ಮೊದಲು ಆಯಿಲ್ ನೋಡಿ

ಬಾನೆಟ್ ಎತ್ತಿದ ಕೂಡಲೇ ಸ್ಪ್ಯಾನರ್ ಹುಡುಕಬೇಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಒರೆಸಿ, ಮತ್ತೆ ಅದ್ದಿ, ಮತ್ತೆ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು.

ಮೇಲಿನ ರಾಕರುಗಳು ತಳದ ಆಯಿಲ್ ಪಂಪಿನಿಂದ ಬಲು ದೂರದಲ್ಲಿವೆ. ಆಯಿಲ್ ಕಡಿಮೆಯಾದರೆ, ಇಲ್ಲವೇ ಹಳತಾಗಿ ಮಡ್ಡಿ ಕಟ್ಟಿದರೆ, ನಲ್ಲಿಯ ಒತ್ತಡ ಕಡಿಮೆಯಾದಾಗ ಮಹಡಿ ಮನೆಗೆ ನೀರು ಹತ್ತದಿರುವಂತೆ, ಮೊದಲು ಒಣಗುವುದು ಅವೇ. ಗಾಂಧಿ ಬಜಾರಿಗೆ ತರಕಾರಿಗೆಂದು ಹೋಗಿ ಬರುವಷ್ಟಕ್ಕೇ ಮೀಸಲಾದ ಕಾರುಗಳಲ್ಲಿ ಇದು ಹೆಚ್ಚು. ಅಷ್ಟು ಚಿಕ್ಕ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯೇರುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯ ನೊರೆಯಂತೆ ಬಿಳಿಯ ಪದಾರ್ಥ ಕಂಡರೆ ತೇವ ಸೇರಿದೆ ಎಂದರ್ಥ. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ.

ಒಂದು ಎಚ್ಚರಿಕೆ: ಇಂಜಿನ್ ಓಡುವಾಗ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರದೆ ಉಳಿದರೆ ಆ ಕ್ಷಣವೇ ಇಂಜಿನ್ ಆರಿಸಿ. ‘ಮನೆ ಹತ್ತಿರವೇ ಇದೆಯಲ್ಲ’ ಎಂದು ಓಡಿಸಿದ ಆ ಒಂದು ಮೈಲಿ ಇಂಜಿನ್ನಿನ ಕೊನೆಯ ಮೈಲಿಯಾದೀತು.

ಮೂರು ಪ್ರಶ್ನೆಗಳು

ಆಯಿಲ್ ಸರಿಯಿದ್ದೂ ಶಬ್ದ ಉಳಿದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಉತ್ತರವನ್ನು ಕಾಗದದ ಮೇಲೆ ಬರೆಯಿರಿ.

ಯಾವಾಗ? ಕಾರು ಚಲಿಸುವಾಗ ಮಾತ್ರ ಬರುವ ಟಿಕ್ ಟಿಕ್, ಟೈರಿಗೆ ಸಿಕ್ಕಿಕೊಂಡ ಜಲ್ಲಿಕಲ್ಲಿನದಾಗಿರಬಹುದು. ಇಂಜಿನ್ ಆರಿಸಿದ ಮೇಲೆ ಕೇಳಿಬರುವ ಟಿಕ್, ಬಿಸಿಯಾದ ಲೋಹ ತಣಿದು ಕುಗ್ಗುವ ಸದ್ದು, ಅದಕ್ಕೆ ಹೆದರಬೇಕಿಲ್ಲ. ಬೆಳಿಗ್ಗೆ ಜೋರಾಗಿದ್ದು ಬಿಸಿಯೇರಿದಂತೆ ಕಡಿಮೆಯಾಗುತ್ತದೆಯೇ, ಬಿಸಿಯಾದ ಮೇಲೆಯೇ ಹೆಚ್ಚುತ್ತದೆಯೇ ಎಂಬುದನ್ನೂ ಗಮನಿಸಿ.

ಎಷ್ಟು ವೇಗ? ಆಕ್ಸಿಲರೇಟರ್ ಜೊತೆಗೆ ಲಯ ಏರಿಳಿಯುತ್ತದೆಯೇ? ಏರಿಳಿಯದಿದ್ದರೆ ಅದು ಇಂಜಿನ್ನಿನ ಒಳಗಿನ ಚಲನೆಯ ಶಬ್ದವಲ್ಲ.

ಎಲ್ಲಿ? ಇದು ಕಷ್ಟದ ಪ್ರಶ್ನೆ. ಕಬ್ಬಿಣ ಶಬ್ದವನ್ನು ಎಲ್ಲ ಕಡೆಗೂ ಹರಡುತ್ತದೆ. ಇಲ್ಲಿ ವೈದ್ಯರ ಉಪಾಯವೇ ನೆರವಿಗೆ ಬರುತ್ತದೆ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಮುಂದೆ ಅದೇ ಮರದ ಕೊಳವೆಯಾಗಿ, ಸ್ಟೆತೊಸ್ಕೋಪ್ ಆಯಿತು. ಮೆಕ್ಯಾನಿಕ್ಕುಗಳು ಇಂದಿಗೂ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ ಕೇಳುತ್ತಾರೆ. ಮನೆಯಲ್ಲಿ ಒಂದು ಮರದ ಕೋಲು ಸಾಕು. ರಾಕರ್ ಮುಚ್ಚಳದ ಮೇಲೆ ಒಂದೊಂದೇ ಅಂಗುಲ ಸರಿಸುತ್ತಾ ಹೋದರೆ ಶಬ್ದ ಎಲ್ಲಿ ಚುರುಕೋ ಅಲ್ಲಿ ಕಿವಿಗೆ ನಾಟುತ್ತದೆ.

ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಮೃದಂಗ ಶ್ರುತಿ ಮಾಡುವುದನ್ನು ನೋಡಿದವರಿಗೆ ಈ ಕ್ರಮ ಹೊಸದಲ್ಲ. ಅಂಚಿನ ಒಂದು ಕಡೆ ತಟ್ಟಿ, ಕೇಳಿ, ಆಮೇಲೆ ಮುಂದಿನ ಕಡೆಗೆ ಹೋಗುತ್ತಾರೆ. ಎಲ್ಲ ಕಡೆಯೂ ಒಟ್ಟಿಗೆ ಬಡಿಯುವುದಿಲ್ಲ.

ಇಂಜಿನ್ ಓಡುತ್ತಿರುವಾಗ ಫ್ಯಾನ್ ಬೆಲ್ಟಿನ ಬಳಿ ದುಪಟ್ಟಾ, ಸೆರಗು, ಸಡಿಲ ತೋಳು, ಬಿಚ್ಚಿದ ಕೂದಲು ಸುಳಿಯಬಾರದು. ವಿದ್ಯಾರ್ಥಿಗಳ ಜೊತೆ ಹಿರಿಯರೊಬ್ಬರು ಇರಲೇಬೇಕು.

ಟ್ಯಾಪೆಟ್ಟಿನ ವೇಷದಲ್ಲಿ

ಟ್ಯಾಪೆಟ್ಟಿನಂತೆಯೇ ಸದ್ದು ಮಾಡುವ ಬೇರೆ ದೋಷಗಳಿವೆ. ಸೈಲೆನ್ಸರ್ ಪೈಪು ಇಂಜಿನ್ನಿಗೆ ಕೂಡುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೀಳಿದರೆ ಹೊಗೆ ‘ಚಿಟ್ ಚಿಟ್’ ಎಂದು ನುಗ್ಗುತ್ತದೆ. ಇದು ತಣ್ಣಗಿದ್ದಾಗ ಜೋರು. ಲೋಹ ಹಿಗ್ಗಿ ಸೀಳು ಮುಚ್ಚಿದಂತೆ ತಗ್ಗುತ್ತದೆ. ದಿಣ್ಣೆ ಹತ್ತುವಾಗ ಮತ್ತೆ ಹೆಚ್ಚುತ್ತದೆ. ಇದನ್ನು ‘ಬರೀ ಶಬ್ದ’ ಎಂದು ಬಿಡಬೇಡಿ. ಆ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಇಂಜಿನ್ ಓಡಿಸಿ ಪರೀಕ್ಷಿಸಬಾರದು.

ಇನ್ನೊಂದು, ಪ್ಲಗ್ಗಿನ ವೈರು. ಆಡುಗೋಡಿಯ ಮೈಕೋ ಕಾರ್ಖಾನೆಯಿಂದಾಗಿ ಬೆಂಗಳೂರಿಗರಿಗೆ ಸ್ಪಾರ್ಕ್ ಪ್ಲಗ್ ಮನೆಮಾತು. ಪ್ಲಗ್ಗಿಗೆ ಸಾವಿರಾರು ವೋಲ್ಟ್ ಒಯ್ಯುವ ವೈರಿನ ಹೊದಿಕೆ ಬಿರುಕು ಬಿಟ್ಟರೆ ಕಿಡಿ ಪಕ್ಕದ ಲೋಹಕ್ಕೆ ಹಾರಿ ‘ಟಿಕ್’ ಎನ್ನುತ್ತದೆ, ಇಂಜಿನ್ ಮುಗ್ಗರಿಸುತ್ತದೆ. ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ನೋಡಿ, ಮುಟ್ಟಬೇಡಿ.

ಮೂರನೆಯದು ನಿಜವಾದ ಅಪಾಯ. ಶಬ್ದ ಮೇಲಿನಿಂದಲ್ಲದೆ ಇಂಜಿನ್ನಿನ ಹೊಟ್ಟೆಯಿಂದ ಬಂದು, ‘ಟಿಕ್’ ಎನ್ನದೆ ಒನಕೆಯ ಪೆಟ್ಟಿನಂತೆ ‘ದಡ್ ದಡ್’ ಎನ್ನುತ್ತಿದ್ದರೆ, ಭಾರ ಬಿದ್ದಾಗ ಹೆಚ್ಚುತ್ತಿದ್ದರೆ, ಅದು ಬೇರಿಂಗ್ ಇರಬಹುದು. ಅನುಭವಿ ಮೆಕ್ಯಾನಿಕ್ ಒಂದೊಂದೇ ಸಿಲಿಂಡರಿನ ಕಿಡಿಯನ್ನು ತಪ್ಪಿಸಿ ನೋಡುತ್ತಾರೆ. ಆಗ ಬೇರಿಂಗಿನ ಪೆಟ್ಟು ತಗ್ಗುತ್ತದೆ, ಟ್ಯಾಪೆಟ್ಟಿನ ಸದ್ದು ಹಾಗೆಯೇ ಉಳಿಯುತ್ತದೆ. ಇಂಥ ಕಾರನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಒಂಬತ್ತರ ಸೂತ್ರ

ಟ್ಯಾಪೆಟ್ ಎಂದೇ ಖಚಿತವಾದರೆ ‘ಫೀಲರ್ ಗೇಜ್’ ಎಂಬ ತೆಳು ಉಕ್ಕಿನ ಪಟ್ಟಿಗಳ ಗೊಂಚಲಿನಿಂದ ಸಂದನ್ನು ಅಳೆದು, ಕಾರಿನ ಕೈಪಿಡಿ ಹೇಳಿದಷ್ಟಕ್ಕೆ ಸರಿಪಡಿಸಬೇಕು. ಅಳತೆ ತಣ್ಣಗಿದ್ದಾಗಿನದೋ ಬಿಸಿಯಿದ್ದಾಗಿನದೋ ಎಂಬುದೂ ಅಲ್ಲೇ ಇರುತ್ತದೆ. ಅಳೆಯುವ ವಾಲ್ವ್ ಪೂರ್ತಿ ಮುಚ್ಚಿರಬೇಕು. ಅದನ್ನು ತಿಳಿಯುವುದು ಹೇಗೆ?

ಅಂಬಾಸಿಡರಿನ ಹಳೆಯ ಇಂಜಿನ್ನಿನಲ್ಲಿ ಸಾಲಾಗಿ ಎಂಟು ವಾಲ್ವುಗಳಿವೆ. ಮೆಕ್ಯಾನಿಕ್ಕುಗಳ ಸೂತ್ರ ‘ಒಂಬತ್ತು’. ಎಂಟನೆಯದು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಅಳೆಯಿರಿ. ಆರನೆಯದು ತೆರೆದಾಗ ಮೂರನೆಯದು. ನಾಲ್ಕು ತೆರೆದಾಗ ಐದು. ಏಳು ತೆರೆದಾಗ ಎರಡು. ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು. ಇದರಲ್ಲಿ ಮಂತ್ರವೇನೂ ಇಲ್ಲ. ಒಂದು ಮತ್ತು ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿ ಏರಿಳಿಯುತ್ತವೆ, ಎರಡು ಮತ್ತು ಮೂರನೆಯವೂ ಹಾಗೆಯೇ. ಆದರೆ ಕೆಲಸದಲ್ಲಿ ಒಂದಕ್ಕೊಂದು ಪೂರ್ತಿ ಒಂದು ಸುತ್ತು ಹಿಂದೆ ಮುಂದೆ. ಏಕೆ ಹೀಗೆ ಎಂದು ಚಿತ್ರ ಬರೆದು ಬಿಡಿಸುವುದು ಪಿ.ಯು. ವಿದ್ಯಾರ್ಥಿಗೆ ಒಳ್ಳೆಯ ಕಸರತ್ತು.

ಮೌನವೇ ಕೆಟ್ಟದ್ದು

ಬಹಳ ಜನ ತಿಳಿಯದ ಮಾತೊಂದಿದೆ. ಸದ್ದು ಅಡಗಿದರೆ ಸಾಕೆಂದು ಸಂದನ್ನು ಪೂರ್ತಿ ಬಿಗಿದುಬಿಡುವುದು ಸದ್ದಿಗಿಂತ ದೊಡ್ಡ ಕೇಡು. ಹೊಗೆಯ ವಾಲ್ವ್ ಹಲವು ನೂರು ಡಿಗ್ರಿ ಬಿಸಿಯನ್ನು ತಾಳಿಕೊಳ್ಳುತ್ತದೆ. ಮುಚ್ಚಿದಾಗಲಷ್ಟೇ ತನ್ನ ಪೀಠಕ್ಕೆ ಒರಗಿ ಆ ಬಿಸಿಯನ್ನು ದಾಟಿಸಿ ತಣಿಯುತ್ತದೆ. ಸಂದೇ ಇಲ್ಲದಿದ್ದರೆ ಅದು ಪೂರ್ತಿ ಕೂರುವುದಿಲ್ಲ, ತಣಿಯುವುದಿಲ್ಲ, ಅಂಚು ಸುಟ್ಟು ಹೋಗುತ್ತದೆ.

ಹಳೆಯ ಪೆಟ್ರೋಲಿನಲ್ಲಿ ಸೀಸವಿತ್ತು. ಅದರ ತೆಳು ಲೇಪ ಮೆತ್ತನೆಯ ಪೀಠಗಳನ್ನು ಕಾಯುತ್ತಿತ್ತು. ಆರೋಗ್ಯದ ಕಾರಣಕ್ಕೆ 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಅದು ಒಳ್ಳೆಯ ಕೆಲಸವೇ. ಆದರೆ ಗಟ್ಟಿ ಪೀಠ ಹಾಕಿಸದ ಹಳೆಯ ಇಂಜಿನ್ನುಗಳಲ್ಲಿ ಪೀಠ ಸವೆದು ವಾಲ್ವ್ ಒಳಗೆ ಕುಸಿಯಬಹುದು. ಆಗ ಸಂದು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಇಂಜಿನ್ ಸದ್ದಿಲ್ಲದೆ ಕೆಡುತ್ತದೆ. ಆದ್ದರಿಂದ ಶಬ್ದವಿಲ್ಲದಿದ್ದರೂ ಕಾಲಕಾಲಕ್ಕೆ ಅಳೆಯಬೇಕು. ಸ್ವಲ್ಪ ಮಾತಾಡುವ ಟ್ಯಾಪೆಟ್ ಆರೋಗ್ಯವಂತ.

ಗ್ಯಾರೇಜಿಗೆ ಹೋಗುವಾಗ

ಮೆಕ್ಯಾನಿಕ್ಕಿಗೆ ‘ಟ್ಯಾಪೆಟ್ ಮಾಡಿಕೊಡಿ’ ಎಂದು ಹೇಳಬೇಡಿ. ‘ಬೆಳಿಗ್ಗೆ ಐದು ನಿಮಿಷ ಜೋರಾಗಿರುತ್ತದೆ, ಬಿಸಿಯಾದರೆ ಕಡಿಮೆ, ದಿಣ್ಣೆಯಲ್ಲಿ ಹೆಚ್ಚು, ಆಯಿಲ್ ಸರಿಯಿದೆ’ ಎಂದು ಹೇಳಿ. ವೈದ್ಯರ ಬಳಿ ಔಷಧಿಯ ಹೆಸರು ಹೇಳುವುದಕ್ಕಿಂತ ನೋವನ್ನು ವಿವರಿಸುವುದು ಮೇಲಲ್ಲವೇ? ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿಸಿ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಶಬ್ದ ಹೋದೀತು, ದೋಷ ಯಾವುದೆಂದು ಯಾರಿಗೂ ತಿಳಿಯದು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ.

ತಂದೆತಾಯಿಯರಿಗೊಂದು ಮಾತು. ಮಗ ಅಥವಾ ಮಗಳು ಬಾನೆಟ್ಟಿನ ಕೆಳಗೆ ತಲೆ ಹಾಕಿದರೆ ‘ಓದುವುದು ಬಿಟ್ಟು ಇದೇನು’ ಎಂದು ಗದರಬೇಡಿ. ಗಮನಿಸುವುದು, ಬರೆದಿಡುವುದು, ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು: ಪ್ರಯೋಗಶಾಲೆ ಕಲಿಸಬೇಕಾದದ್ದೆಲ್ಲ ಅಲ್ಲಿದೆ. ಈ ಭಾನುವಾರ ಅವರ ಕೈಗೆ ಒಂದು ಮರದ ಕೋಲು, ಒಂದು ನೋಟ್ ಪುಸ್ತಕ ಕೊಡಿ. ಪಕ್ಕದಲ್ಲಿ ನೀವೂ ನಿಂತು ಕೇಳಿ.