ಡಿಮೆನ್ಷಿಯಾ ಪತ್ತೆಯಾದ ಮೇಲೆ: ಬದುಕು ಮತ್ತು ಮುಂದಾಲೋಚನೆ

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ, ದಾರಿಯ ಗುರುತು, ಯೋಚಿಸಿ ತೀರ್ಮಾನಿಸುವ ಶಕ್ತಿ ಇವೆಲ್ಲ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ಕುಂದುತ್ತ ಹೋಗುವ ಸ್ಥಿತಿಯನ್ನು ವೈದ್ಯರು ಹೀಗೆ ಕರೆಯುತ್ತಾರೆ. ಮೆದುಳಿನ ಹಲವು ಕಾಯಿಲೆಗಳು ಇದಕ್ಕೆ ಕಾರಣವಾಗಬಹುದು. ಡಿಮೆನ್ಷಿಯಾ ಇರುವ ನೂರು ಜನರಲ್ಲಿ 60ರಿಂದ 70 ಮಂದಿಗೆ ಇದು ಬರುವುದು ಆಲ್ಜೈಮರ್ಸ್ ಕಾಯಿಲೆಯಿಂದ. ಮೆದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು ಇನ್ನೊಂದು ಬಗೆ. ಲೂಯಿ ಬಾಡಿ, ಫ್ರಂಟೊಟೆಂಪೊರಲ್ ಮುಂತಾದ ಬಗೆಗಳೂ ಇವೆ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದರ ಪ್ರಮಾಣ ಹೆಚ್ಚು.

ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಸುಮ್ಮನಾಗುವುದರಿಂದ ಎಷ್ಟೋ ಕಡೆ ಕಾಯಿಲೆ ಪತ್ತೆಯಾಗುವುದೇ ತಡ. ಆ ತಡದಿಂದ ಆಗುವ ದೊಡ್ಡ ನಷ್ಟವೆಂದರೆ, ಕಾಯಿಲೆ ಬಂದವರು ತಮ್ಮ ಮುಂದಿನ ದಿನಗಳ ಬಗ್ಗೆ ತಾವೇ ಹೇಳಬಹುದಾಗಿದ್ದ ಕಾಲ ಕೈತಪ್ಪಿ ಹೋಗುವುದು. ಬೇಗ ಪತ್ತೆಯಾದವರಿಗೆ ಆ ಕಾಲ ಉಳಿದಿರುತ್ತದೆ. ಪತ್ತೆಯಾದ ಮೇಲೆ ಸಾಮಾನ್ಯವಾಗಿ 4ರಿಂದ 8 ವರ್ಷ, ಕೆಲವರಲ್ಲಿ 20 ವರ್ಷದವರೆಗೂ ಬದುಕು ಇರುತ್ತದೆ. ಆ ವರ್ಷಗಳು ಹೇಗೆ ಸಾಗುತ್ತವೆ ಎಂಬುದು ಮೊದಲ ಕೆಲವು ತಿಂಗಳಲ್ಲಿ ಮಾಡಿಕೊಳ್ಳುವ ಏರ್ಪಾಡಿನ ಮೇಲೆ ಬಹಳಷ್ಟು ನಿಂತಿದೆ.

ಮೊದಲ ಹೆಜ್ಜೆಗಳು

ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಮೆದುಳಿನಲ್ಲಿ ನೀರು ತುಂಬುವುದು, ಕೆಲವು ನಿದ್ದೆ ಮಾತ್ರೆಗಳು ಇವುಗಳಿಂದಲೂ ಅದೇ ಬಗೆಯ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಇಂಥವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ರಕ್ತ ಪರೀಕ್ಷೆ, ಮೆದುಳಿನ ಸ್ಕ್ಯಾನ್, ನೆನಪಿನ ಪರೀಕ್ಷೆ ಇವಿಷ್ಟೂ ಆಗಿ, ನರರೋಗ ತಜ್ಞರು ಅಥವಾ ಮನೋವೈದ್ಯರು ಯಾವ ಬಗೆಯ ಡಿಮೆನ್ಷಿಯಾ ಎಂದು ಹೇಳುವವರೆಗೆ ಪರೀಕ್ಷೆ ಮುಗಿಯಿತು ಎಂದುಕೊಳ್ಳಬಾರದು. ಬಗೆ ಗೊತ್ತಾಗುವುದು ಔಷಧಿಯ ಆಯ್ಕೆಗೂ ಮುಖ್ಯ. ಲೂಯಿ ಬಾಡಿ ಡಿಮೆನ್ಷಿಯಾ ಇದ್ದವರಿಗೆ ಮನೋವಿಕಾರಕ್ಕೆ ಕೊಡುವ ಕೆಲವು ಮಾತ್ರೆಗಳು ತೀವ್ರ ಅಪಾಯ ತರುತ್ತವೆ.

ವಿಷಯವನ್ನು ಕಾಯಿಲೆ ಬಂದವರಿಂದಲೇ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಹೇಳಿದರೆ ಕುಗ್ಗಿ ಹೋಗುತ್ತಾರೆ ಎಂಬ ಕಾಳಜಿಯೇ ಅದಕ್ಕೆ ಕಾರಣ. ಆದರೆ ತಮಗೆ ಏನೋ ಆಗುತ್ತಿದೆ ಎಂಬುದು ಬಹುತೇಕ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹೆಸರಿಲ್ಲದ ಆ ಭಯಕ್ಕಿಂತ, ಮೆಲ್ಲಗೆ, ಅರ್ಥವಾಗುವ ಮಾತಿನಲ್ಲಿ ತಿಳಿಸಿದ ಸತ್ಯ ಹೆಚ್ಚಿನವರಿಗೆ ಹಗುರ ಎನಿಸುತ್ತದೆ. ತಿಳಿಯದೆ ಹೋದರೆ ಅವರ ಉಯಿಲು, ಅವರ ಹಣ, ಅವರ ಚಿಕಿತ್ಸೆ ಎಲ್ಲವನ್ನೂ ಬೇರೆಯವರು ಊಹೆಯ ಮೇಲೆ ತೀರ್ಮಾನಿಸಬೇಕಾಗುತ್ತದೆ.

ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಂಟಿನ್ ಇವು ಸಾಮಾನ್ಯವಾಗಿ ಬರೆದುಕೊಡುವ ಔಷಧಿಗಳು. ಇವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಕೆಲವರಲ್ಲಿ ಲಕ್ಷಣಗಳನ್ನು ಒಂದಷ್ಟು ಕಾಲ ಹಿಡಿತದಲ್ಲಿಡುತ್ತವೆ. ಡಿಮೆನ್ಷಿಯಾವನ್ನು ಪೂರ್ತಿ ಗುಣಪಡಿಸುತ್ತೇವೆ ಎಂದು ಸಾರುವ ಪುಡಿ, ಲೇಹ್ಯ, ಮಾತ್ರೆಗಳಿಗೆ ಉಳಿತಾಯವನ್ನು ಸುರಿಯಬಾರದು. ಅದೇ ಹಣ ಮುಂದೆ ಆರೈಕೆಗೆ ಬೇಕಾಗುತ್ತದೆ.

ದಿನಚರಿಯೇ ಊರುಗೋಲು

ಡಿಮೆನ್ಷಿಯಾದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಸಿಹೋಗುತ್ತದೆ, ಹಳೆಯ ನೆನಪು ಮತ್ತು ಕೈಗೆ ಕೂತ ಕೆಲಸ ಬಹುಕಾಲ ಉಳಿಯುತ್ತದೆ. ಒಳ್ಳೆಯ ದಿನಚರಿ ಈ ಉಳಿದದ್ದರ ಮೇಲೆ ನಿಲ್ಲಬೇಕು. ಏಳುವುದು, ಸ್ನಾನ, ತಿಂಡಿ, ನಡಿಗೆ, ಊಟ ಎಲ್ಲವೂ ಹೊತ್ತಿಗೆ ಸರಿಯಾಗಿ ಒಂದೇ ಕ್ರಮದಲ್ಲಿ ನಡೆದರೆ ಗೊಂದಲ ಕಡಿಮೆ. ಜೀವಮಾನವಿಡೀ ಹೂ ಕಟ್ಟಿದ ಕೈಗೆ ಹೂ ಕೊಡಬೇಕು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು, ಬಟ್ಟೆ ಮಡಿಸುವುದು, ಗಿಡಕ್ಕೆ ನೀರು ಹಾಕುವುದು ಇವು ಹೊತ್ತು ಕಳೆಯುವ ನೆಪಗಳಲ್ಲ. ತಾನಿನ್ನೂ ಮನೆಗೆ ಬೇಕಾದವಳು, ಬೇಕಾದವನು ಎಂಬ ಭಾವ ಉಳಿಯುವುದು ಇವುಗಳಿಂದಲೇ. ಕೆಲಸ ಅಚ್ಚುಕಟ್ಟಾಗಿ ಆಗದಿದ್ದರೂ ಕೈಯಿಂದ ಕಸಿದುಕೊಳ್ಳಬಾರದು. ದಾಸರ ಪದ, ತತ್ವಪದ, ಹಳೆಯ ಚಿತ್ರಗೀತೆಗಳನ್ನು ಮಾತು ತಡವರಿಸುವ ಹಂತದಲ್ಲೂ ಹಲವರು ಸಾಲು ತಪ್ಪದೆ ಹಾಡುತ್ತಾರೆ. ಸಂಗೀತ ಅವರ ಕಳವಳವನ್ನೂ ತಗ್ಗಿಸುತ್ತದೆ.

ದೇಹದ ಆರೋಗ್ಯವೂ ಅಷ್ಟೇ ಮುಖ್ಯ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿರಬೇಕು. ದಿನವೂ ನಡಿಗೆ ಬೇಕು. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ, ಕಣ್ಣಿಗೆ ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಸರಿಯಾಗಿ ಕೇಳದವರು, ಕಾಣದವರು ಬಹಳ ಬೇಗ ಒಳಸೇರಿಬಿಡುತ್ತಾರೆ. ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಾದರೆ ಕಾಯಿಲೆ ಬೆಳೆಯಿತು ಎಂದುಕೊಳ್ಳದೆ ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಎಲ್ಲಾದರೂ ನೋವು ಇದೆಯೇ ಎಂದು ಮೊದಲು ನೋಡಬೇಕು.

ಮನೆಯಲ್ಲೂ ಸಣ್ಣಪುಟ್ಟ ಬದಲಾವಣೆ ಬೇಕಾಗುತ್ತದೆ. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ, ಗೋಡೆಗೆ ಹಿಡಿಕೆ ಇರಲಿ. ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪ ಉರಿಯುತ್ತಿರಲಿ, ಅದರ ಬಾಗಿಲಿಗೆ ಚಿತ್ರವೊಂದನ್ನು ಅಂಟಿಸಿರಲಿ. ಅಡುಗೆ ಮುಗಿದೊಡನೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸುವುದು ಮನೆಮಂದಿಗೆಲ್ಲ ರೂಢಿಯಾಗಲಿ. ವಾಹನ ಓಡಿಸುವುದನ್ನು ಯಾವಾಗ ಬಿಡಬೇಕು ಎಂಬುದನ್ನು ವೈದ್ಯರಿಂದಲೇ ಹೇಳಿಸಿದರೆ ಮನೆಯವರೊಡನೆ ಜಗಳ ತಪ್ಪುತ್ತದೆ.

ಮಾತಾಡುವ ರೀತಿ

ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವವರಿಗೆ ಅದು ಪ್ರತಿ ಸಲವೂ ಹೊಸ ಪ್ರಶ್ನೆ. ‘ಈಗ ತಾನೇ ಹೇಳಲಿಲ್ವಾ’ ಎಂದು ಗದರಿದರೆ ಅವರಿಗೆ ಗೊತ್ತಾಗುವುದು ಗದರಿದ್ದು ಮಾತ್ರ. ಎದುರು ಕೂತು, ಮುಖ ನೋಡಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ‘ಏನು ತಿನ್ನುತ್ತೀರಿ’ ಎನ್ನುವ ಬದಲು ‘ಇಡ್ಲಿ ಬೇಕೋ, ಉಪ್ಪಿಟ್ಟು ಬೇಕೋ’ ಎಂದರೆ ಉತ್ತರಿಸುವುದು ಸುಲಭ. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆಗೆ ಒಡ್ಡುವುದು ಅವಮಾನ; ‘ಅಮ್ಮಾ, ನಾನು ನಿಮ್ಮ ಮಗಳು, ಮೈಸೂರಿಂದ ಬಂದೆ’ ಎಂದು ತಾನೇ ಹೇಳುವುದು ಗೌರವ. ತೀರಿಹೋದ ತಾಯಿಯನ್ನು ಕೇಳಿಕೊಂಡು ಅಳುವ ಹಿರಿಯರಿಗೆ ಸಾವಿನ ಸುದ್ದಿಯನ್ನು ದಿನವೂ ಹೊಸದಾಗಿ ಹೇಳಬೇಕಿಲ್ಲ. ತಾಯಿಯ ಬಗ್ಗೆ ಮಾತಾಡಲು ಬಿಟ್ಟರೆ ಸಂಕಟ ತಾನಾಗಿ ಇಳಿಯುತ್ತದೆ.

ಸಂಜೆಯಾಗುತ್ತಲೇ ಚಡಪಡಿಕೆ ಹೆಚ್ಚುವುದು, ಇರುವ ಮನೆಯಲ್ಲೇ ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಹೊತ್ತು ಮುಳುಗುವ ಮುನ್ನವೇ ದೀಪ ಹಾಕುವುದು, ಟಿ.ವಿ. ಗದ್ದಲ ತಗ್ಗಿಸುವುದು, ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿಸುವುದು ಇದಕ್ಕೆ ನೆರವಾಗುತ್ತವೆ. ದಾರಿ ತಪ್ಪಿ ಹೋದವರನ್ನು ಹುಡುಕುವ ಮನೆಯವರ ಪಾಡನ್ನು ಅನಂತ್ ನಾಗ್ ನಟಿಸಿದ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರ ಕನ್ನಡಿಗರಿಗೆ ಮನಮುಟ್ಟುವಂತೆ ತೋರಿಸಿತು. ಕೈಬಳೆಯಲ್ಲೋ ಜೇಬಿನ ಚೀಟಿಯಲ್ಲೋ ಹೆಸರು, ಫೋನ್ ನಂಬರ್ ಇರಬೇಕು. ಇತ್ತೀಚಿನ ಫೋಟೊ ಮನೆಯಲ್ಲಿರಬೇಕು. ಅಕ್ಕಪಕ್ಕದವರಿಗೆ, ಬೀದಿಯ ಅಂಗಡಿಯವರಿಗೆ, ಆಟೊ ನಿಲ್ದಾಣದವರಿಗೆ ಸಂಕೋಚವಿಲ್ಲದೆ ವಿಷಯ ತಿಳಿಸಿಟ್ಟರೆ ನಾಲ್ಕು ಕಣ್ಣು ಹೆಚ್ಚು ಕಾಯುತ್ತವೆ.

ಹಣ, ಆಸ್ತಿ, ಕಾಗದಪತ್ರ

ಮಂಗಳೂರಿನಲ್ಲಿ ಹುಟ್ಟಿದ ಕೇಂದ್ರದ ಮಾಜಿ ಸಚಿವ ಜಾರ್ಜ್ ಫರ್ನಾಂಡಿಸ್ ಆಲ್ಜೈಮರ್ಸ್‌ಗೆ ತುತ್ತಾದ ಮೇಲೆ, ಅವರನ್ನು ಯಾರು ನೋಡಿಕೊಳ್ಳಬೇಕು, ಯಾರು ಭೇಟಿಯಾಗಬಹುದು ಎಂಬ ವಿವಾದ 2010ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಅಷ್ಟು ಹೊತ್ತಿಗೆ ತಮ್ಮ ಇಚ್ಛೆಯನ್ನು ತಾವೇ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹೆಸರಾಂತರಿಗೆ ಆದದ್ದು ಸಾಮಾನ್ಯರ ಮನೆಯಲ್ಲೂ ಆಗುತ್ತದೆ.

ಮೊದಲ ಕೆಲಸ ಪಟ್ಟಿ ಮಾಡುವುದು. ಬ್ಯಾಂಕ್ ಖಾತೆ, ಎಫ್‌ಡಿ, ಪಿಂಚಣಿ, ವಿಮೆ, ಲಾಕರ್, ಮನೆಯ ಖಾತಾ, ಜಮೀನಿನ ಪಹಣಿ, ಕೊಟ್ಟ ಸಾಲ, ತಂದ ಸಾಲ ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. ನಾಮಿನಿ ಇದ್ದರೆ ಸಾಕು ಎಂಬುದು ತಪ್ಪು ಕಲ್ಪನೆ. ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಹೋದ ಮೇಲೆ. ಬದುಕಿರುವಾಗ ಆಸ್ಪತ್ರೆಯ ಖರ್ಚಿಗೆ ಅದರಿಂದ ಪ್ರಯೋಜನವಿಲ್ಲ. ನಂಬಿಕಸ್ಥರೊಬ್ಬರ ಜೊತೆ ಜಂಟಿ ಖಾತೆ ತೆರೆದು, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂದು ಬರೆಸುವುದು ಹೆಚ್ಚು ಉಪಯುಕ್ತ. ಫೋನಿನಲ್ಲಿ ಒಟಿಪಿ ಕೇಳುವ ವಂಚಕರಿಗೆ ಡಿಮೆನ್ಷಿಯಾ ಇದ್ದವರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಅವರ ಕೈಖರ್ಚಿಗೆ ಚಿಕ್ಕ ಮೊತ್ತದ ಖಾತೆಯೊಂದನ್ನು ಬಿಟ್ಟು ಉಳಿದದ್ದನ್ನು ಬೇರೆ ಇಡುವುದು ಕ್ಷೇಮ.

ಎಷ್ಟೋ ಮನೆಯವರು ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ, ಮಾಡಿಸಿ ನಿಶ್ಚಿಂತರಾಗುತ್ತಾರೆ. ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಮನಸ್ಸು ಸ್ವಸ್ಥತೆ ಕಳೆದುಕೊಂಡರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಅಂದರೆ ಜಿಪಿಎ ಅತ್ಯಂತ ಬೇಕಾದ ಹೊತ್ತಿನಲ್ಲೇ ಬಲ ಕಳೆದುಕೊಳ್ಳುತ್ತದೆ. ಕೆಲವು ದೇಶಗಳಲ್ಲಿರುವಂತೆ, ಸಾಮರ್ಥ್ಯ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಅಧಿಕಾರಪತ್ರ ಇಲ್ಲಿಲ್ಲ. ಆಮೇಲೆ ಉಳಿಯುವ ದಾರಿ, ಪಾಲಕರನ್ನು ನೇಮಿಸಿ ಎಂದು ನ್ಯಾಯಾಲಯದ ಮೊರೆ ಹೋಗುವುದು. ಅದಕ್ಕೆ ಹಣವೂ ಬೇಕು, ಕಾಲವೂ ಬೇಕು.

ಉಯಿಲು ಬರೆಯಲು ಡಿಮೆನ್ಷಿಯಾ ಪತ್ತೆಯಾದದ್ದೇ ಅಡ್ಡಿಯಲ್ಲ. ಬರೆಯುವ ಹೊತ್ತಿಗೆ ಏನನ್ನು, ಯಾರಿಗೆ, ಯಾಕೆ ಕೊಡುತ್ತಿದ್ದೇನೆ ಎಂಬ ಅರಿವಿದ್ದರೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ. ಆದರೂ ಅದೇ ದಿನ ವೈದ್ಯರಿಂದ ಮನಃಸ್ಥಿತಿಯ ಪ್ರಮಾಣಪತ್ರ ಪಡೆದು, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಎಬ್ಬಿಸುವುದು ಕಷ್ಟ. ದಾನಪತ್ರದ ವಿಷಯದಲ್ಲಿ ಅವಸರ ಸಲ್ಲದು. ಮಕ್ಕಳಿಗೆ ಆಸ್ತಿ ಬರೆದುಕೊಡುವುದೇ ಆದರೆ ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆ ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಅಡಿ ಆ ದಾನವನ್ನು ರದ್ದುಪಡಿಸಲು ಕೋರಬಹುದು.

ಚಿಕಿತ್ಸೆಯ ಬಗ್ಗೆ ತಮ್ಮದೇ ಮಾತು

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರೇ ಆಗಲಿ ತಮಗೆ ಮುಂದೆ ಎಂಥ ಮನೋವೈದ್ಯಕೀಯ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ತಮ್ಮ ಪರವಾಗಿ ಮಾತಾಡಲು ಪ್ರತಿನಿಧಿಯನ್ನು ಹೆಸರಿಸಬಹುದು. ಗುಣವಾಗುವ ಆಸೆಯೇ ಇಲ್ಲದ ಕೊನೆಯ ಹಂತದಲ್ಲಿ ವೆಂಟಿಲೇಟರ್, ಕೊಳವೆಯಲ್ಲಿ ಆಹಾರ ಮುಂತಾದವು ಬೇಕೇ ಬೇಡವೇ ಎಂಬುದಕ್ಕೆ ಬೇರೊಂದು ಪತ್ರವಿದೆ. ಅದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರುಗಳನ್ನೂ ಅದರಲ್ಲಿ ಬರೆಯಬಹುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಈ ತೀರ್ಪನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು.

ಕಾನೂನಿನ ಪತ್ರಗಳ ಜೊತೆಗೆ ಇನ್ನೊಂದು ಸಣ್ಣ ಬರಹವೂ ಇರಲಿ. ಕಾಫಿಗೆ ಸಕ್ಕರೆ ಎಷ್ಟು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ಯಾವ ದೇವರ ಪೂಜೆ, ಯಾವ ಹಾಡು ಇಷ್ಟ, ಯಾರನ್ನು ಕಂಡರೆ ಖುಷಿ, ಮನೆಯಲ್ಲಿ ನೋಡಿಕೊಳ್ಳಲಾಗದ ದಿನ ಬಂದರೆ ಎಲ್ಲಿರಲು ಒಪ್ಪಿಗೆ ಇವನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಮುಂದೆ ಹೊಸ ಆರೈಕೆದಾರರು ಬಂದಾಗ ಅವರಿಗೆ ದಾರಿ ತೋರುವುದು ಈ ಬರಹ.

ಆರೈಕೆ ಮಾಡುವವರು

ಹೆಚ್ಚಿನ ಮನೆಗಳಲ್ಲಿ ಆರೈಕೆಯ ಭಾರ ಹೆಂಡತಿ, ಸೊಸೆ ಅಥವಾ ಮಗಳು ಒಬ್ಬಳ ಮೇಲೆಯೇ ಬೀಳುತ್ತದೆ. ಅವಳ ನಿದ್ದೆ, ಬೆನ್ನುನೋವು, ಬಿಟ್ಟ ಉದ್ಯೋಗ ಯಾರ ಲೆಕ್ಕಕ್ಕೂ ಬರುವುದಿಲ್ಲ. ಯಾರು ರಾತ್ರಿ ಜೊತೆಗೆ ಮಲಗುವುದು, ಯಾರು ಆಸ್ಪತ್ರೆಗೆ ಕರೆದೊಯ್ಯುವುದು, ಯಾರು ಹಣ ಕೊಡುವುದು ಎಂಬುದನ್ನು ಮನೆಮಂದಿ ಕೂತು ಹಂಚಿಕೊಳ್ಳಬೇಕು. ದೂರದೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳು ಹಣ ಕಳಿಸುವುದರ ಜೊತೆಗೆ ವರ್ಷಕ್ಕೆ ಕೆಲವು ವಾರ ಬಂದು ನಿಂತು ಆರೈಕೆ ಮಾಡುವವರಿಗೆ ಬಿಡುವು ಕೊಡಬೇಕು. ಹಗಲು ಆರೈಕೆ ಕೇಂದ್ರಕ್ಕೆ ಕಳಿಸುವುದು, ಕೊನೆಗೆ ವಸತಿ ಕೇಂದ್ರಕ್ಕೆ ಸೇರಿಸುವುದು ಹೆತ್ತವರನ್ನು ಕೈಬಿಟ್ಟಂತಲ್ಲ.

ನೆರವು ಕೇಳಲು ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಮನೋವೈದ್ಯ ಸೇವೆ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ನಡೆಸುವ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯಗಳು ತೆರೆದಿವೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಡಿಮೆನ್ಷಿಯಾ ಇಂಡಿಯಾ ಅಲಯನ್ಸ್ ಬೆಂಗಳೂರಿನಲ್ಲಿ ಈ ಕೆಲಸದಲ್ಲಿ ತೊಡಗಿವೆ. ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ಸಲಹೆಗೆ ಟೆಲಿ ಮನಸ್ 14416, ಹಿರಿಯರ ಯಾವುದೇ ತೊಂದರೆಗೆ ಎಲ್ಡರ್‌ಲೈನ್ 14567 ಉಚಿತ ಸಹಾಯವಾಣಿಗಳು.

ಕಾಯಿಲೆ ಮುಂದುವರಿಯುವುದನ್ನು ಯಾರಿಂದಲೂ ತಡೆಯಲಾಗದಿರಬಹುದು. ಕಾಯಿಲೆ ಬಂದವರ ಮಾತಿಗೆ ಬೆಲೆ ಇರುವಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ. ಹಾಗಾಗಿ ಡಿಮೆನ್ಷಿಯಾ ಪತ್ತೆಯಾದ ಮನೆಯಲ್ಲಿ ಉಯಿಲು, ಬ್ಯಾಂಕು, ಚಿಕಿತ್ಸೆಯ ಪತ್ರಗಳ ಕೆಲಸ ನಾಳೆಗೆ ಉಳಿಯಬಾರದು. ಅವರು ಸ್ಪಷ್ಟವಾಗಿ ಮಾತಾಡಬಲ್ಲ ದಿನಗಳಲ್ಲೇ, ಅವರನ್ನೇ ಮುಂದೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿ ಬರೆದಿಡಬೇಕು.