ಚೀಟಿ ಓದುವ ಕಸುಬು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಆಸ್ಪತ್ರೆಯಾದರೂ ಸರಿ, ಬೆಳಗ್ಗೆ ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯವರ ಸಾಲು ಇದ್ದೇ ಇರುತ್ತದೆ. ಒಳಗಿನ ಟೆಕ್ನಿಷಿಯನ್ ಕೈಯನ್ನು ಸ್ವಲ್ಪ ಗಮನಿಸಿ. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬು. ಅದರಲ್ಲಿರುವ ಫ್ಲೋರೈಡ್, ರಕ್ತಕಣಗಳು ಸಕ್ಕರೆಯನ್ನು ತಿಂದು ಮುಗಿಸದಂತೆ ತಡೆಯುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ. ಕೊಬ್ಬಿಗೆ ಕೆಂಪು ಮುಚ್ಚಳ. ಇದರಲ್ಲಿ ರಕ್ತ ಹೆಪ್ಪುಗಟ್ಟುವವರೆಗೆ ಕಾದು, ಆಮೇಲೆ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸುತ್ತಾರೆ. ಮೇಲೆ ನಿಲ್ಲುವ ಸೀರಮ್ ತಿಳಿಹಳದಿ ಇರಬೇಕು. ಬೆಳ್ಳಗೆ ಮಬ್ಬಾಗಿದ್ದರೆ, ಅಂಕಿ ಬರುವ ಮೊದಲೇ ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ: ಟ್ರೈಗ್ಲಿಸರೈಡ್ ಏರಿದೆ, ಬಹುಶಃ ಸಕ್ಕರೆಯೂ ಹತೋಟಿಯಲ್ಲಿಲ್ಲ.

ಸಕ್ಕರೆಗೂ ಕೊಬ್ಬಿಗೂ ಏನು ನಂಟು? ಮಾರಿಕಣಿವೆ ಅಣೆಕಟ್ಟಿನ ನೀರು ಕಂಡವರಿಗೆ ತೂಬಿನ ಲೆಕ್ಕದಲ್ಲಿ ಹೇಳಿದರೆ ಸಾಕು. ಸಕ್ಕರೆಯನ್ನು ಜೀವಕೋಶದೊಳಗೆ ಸೇರಿಸುವುದಷ್ಟೇ ಇನ್ಸುಲಿನ್ ಕೆಲಸವಲ್ಲ. ಮೈಯ ಕೊಬ್ಬಿನ ದಾಸ್ತಾನಿಗೆ ತೂಬು ಮುಚ್ಚಿಡುವುದೂ ಅದೇ. ಇನ್ಸುಲಿನ್ ಕಡಿಮೆಯಾದಾಗ, ಅಥವಾ ಇದ್ದರೂ ದೇಹ ಅದರ ಮಾತು ಕೇಳದಾದಾಗ, ತೂಬು ಸಡಿಲಗೊಂಡು ಕೊಬ್ಬಿನಾಮ್ಲ ರಕ್ತಕ್ಕೆ ಹರಿಯುತ್ತದೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ ಮತ್ತೆ ರಕ್ತಕ್ಕೇ ಬಿಡುತ್ತದೆ. ಅದರ ಹಿಂದೆಯೇ ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ. ಕೆಟ್ಟದೆನ್ನುವ ಎಲ್‌ಡಿಎಲ್‌ನ ಕಣಗಳು ಸಣ್ಣವೂ ಗಟ್ಟಿಯೂ ಆಗಿ ರಕ್ತನಾಳದ ಗೋಡೆಯೊಳಗೆ ಸಲೀಸಾಗಿ ನುಸುಳುತ್ತವೆ.

ಇಷ್ಟು ತಿಳಿದ ವೈದ್ಯರು ಲ್ಯಾಬಿನ ಚೀಟಿ ಓದುವ ರೀತಿಯೇ ಬೇರೆ. ಒಂದು ಚೀಟಿ ಊಹಿಸಿಕೊಳ್ಳಿ: ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 280. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ. 280ನ್ನು ಐದರಿಂದ ಭಾಗಿಸಿದರೆ 56. ಅದನ್ನೂ 34ನ್ನೂ 210ರಿಂದ ಕಳೆದರೆ 120. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರವನ್ನು ನೆಚ್ಚುವಂತಿಲ್ಲ. ಹಾಗಾಗಿ ನುರಿತವರು ಇನ್ನೊಂದು ಕಳೆಯುವ ಲೆಕ್ಕವನ್ನೂ ಮಾಡುತ್ತಾರೆ: 210ರಲ್ಲಿ 34 ಹೋದರೆ 176. ರಕ್ತನಾಳಕ್ಕೆ ಕೆಡುಕು ಮಾಡುವ ಕೊಲೆಸ್ಟ್ರಾಲ್ ಎಲ್ಲವೂ ಆ 176ರಲ್ಲಿದೆ.

ಮಾತ್ರೆ, ನಡಿಗೆ, ಸಣ್ಣದಾದ ಮುದ್ದೆ ಇವುಗಳಿಂದ ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತೆನ್ನಿ. (ರಾಗಿ ತಿಂದರೆ ಶುಗರ್ ಏರುವುದಿಲ್ಲವೆಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಮುದ್ದೆಯೂ ಪಿಷ್ಟವೇ, ಹೊಸದುರ್ಗದ ಸಾಮೆ ಅನ್ನವೂ ಅಷ್ಟೇ. ಗಾತ್ರ ಮುಖ್ಯ.) ಈಗ ಚೀಟಿಯಲ್ಲಿ ಟ್ರೈಗ್ಲಿಸರೈಡ್ 170, ಎಚ್‌ಡಿಎಲ್ 37, ಒಟ್ಟು 188. ತೂಬು ಮುಚ್ಚಿಕೊಂಡಿದೆ. ಆದರೆ ಎಲ್‌ಡಿಎಲ್ ಲೆಕ್ಕ ಹಾಕಿ: 117. ಇದ್ದಲ್ಲೇ ಇದೆ.

"ಶುಗರ್ ಕಂಟ್ರೋಲಿಗೆ ಬಂತಲ್ಲ ಡಾಕ್ಟ್ರೇ, ಇನ್ನು ಕೊಬ್ಬಿನ ಮಾತ್ರೆ ಯಾಕೆ?" ಎಂದು ಕೇಳುವವರಿಗೆ ಉತ್ತರ ಈ 117ರಲ್ಲೇ ಇದೆ. ಸಕ್ಕರೆ ಹತೋಟಿಗೆ ಬಂದರೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಅಷ್ಟಾಗಿ ಬಗ್ಗುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಅದು 100ರ ಒಳಗಾದರೂ, ಹಲವರಲ್ಲಿ 70ರ ಒಳಗೇ ಇರಬೇಕು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಹೃದ್ರೋಗವಿಲ್ಲದ 2,838 ಮಧುಮೇಹಿಗಳ ಮೇಲೆ ನಡೆದ ಕಾರ್ಡ್ಸ್ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. ದಿನಕ್ಕೆ 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಎಂಬ ಕೊಬ್ಬಿನ ಮಾತ್ರೆ ನುಂಗಿದವರಲ್ಲಿ ಹೃದಯಾಘಾತ, ಲಕ್ವದಂಥ ಅವಘಡಗಳು ಶೇ. 37ರಷ್ಟು ತಗ್ಗಿದ್ದವು. ಲಾಭ ಅಷ್ಟು ನಿಚ್ಚಳವಾಗಿದ್ದರಿಂದ ಪ್ರಯೋಗವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳನ್ನೂ ಒಯ್ಯಿರಿ. ಒಂದೇ ಚೀಟಿಯಿಂದ ಈ ಕಸುಬು ನಡೆಯುವುದಿಲ್ಲ. ಕೊಬ್ಬಿನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಂಶಯವಿದ್ದರೆ ವೈದ್ಯರನ್ನೇ ಕೇಳಿ.