ಮಂಡಿಯ ಗಣಕಯಂತ್ರ ಮತ್ತು ಮನೆಯ ಷೆಡ್ಡು

ವ್ಯಾಪಾರದ ಲೆಕ್ಕಪತ್ರವು ಕಿರ್ದಿ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗವಾಗಿ ಬಹುಕಾಲ ಸಂದಿದೆ. ಅಡಿಕೆ ಹಾಗೂ ಕೊಬ್ಬರಿ ವಹಿವಾಟಿಗೆ ಹೆಸರಾದ ಬೀರೂರಿನಲ್ಲಿ ಇಂದು ಚಿಕ್ಕ ಮಂಡಿಯಲ್ಲಿಯೂ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯು.ಪಿ.ಎಸ್., ಎಲೆಕ್ಟ್ರಾನಿಕ್ ತೂಕದ ಯಂತ್ರ ಇದ್ದೇ ಇರುತ್ತವೆ. ಇವುಗಳಲ್ಲಿ ಒಂದು ಕೈಕೊಟ್ಟರೂ ರೈತರಿಗೆ ಬಿಲ್ಲು ಬರೆದುಕೊಡುವ ಕಾರ್ಯ ನಿಂತುಹೋಗುತ್ತದೆ. ಬಿಡಿಭಾಗ ಊರಿನಲ್ಲಿ ದೊರೆಯದಿದ್ದಲ್ಲಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬರಬೇಕು. ಅದಕ್ಕೆ ಒಂದು ದಿನ ಪೂರ್ತಿ ಬೇಕು. ಸುಗ್ಗಿಯ ಕಾಲದಲ್ಲಿ ಆ ಒಂದು ದಿನದ ಬೆಲೆ ಎಷ್ಟೆಂಬುದನ್ನು ಸದಸ್ಯ ಬಾಂಧವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ದುರಸ್ತಿ ಯಾವುದು, ಮುಟ್ಟಬಾರದ್ದು ಯಾವುದು ಎಂಬ ತಿಳಿವಳಿಕೆ ವ್ಯಾಪಾರಸ್ಥರಿಗೆ ಅವಶ್ಯ.

ದುರಸ್ತಿಯ ಮಾತಿಗೆ ಮುನ್ನ ಸ್ಥಳದ ಮಾತು. ನಮ್ಮಲ್ಲಿ ಅನೇಕರ ಮನೆಯ ಪಕ್ಕದಲ್ಲಿ ಕಾರಿಗೆಂದು ಕಟ್ಟಿಸಿದ ಷೆಡ್ಡು ಇರುತ್ತದೆ. ಕಾರು ಮಾತ್ರ ಬೀದಿಯಲ್ಲಿರುತ್ತದೆ. ಷೆಡ್ಡಿನೊಳಗೆ ಖಾಲಿ ಗೋಣಿಚೀಲ, ಪಂಪ್‌ಸೆಟ್ಟಿನ ಹಳೆಯ ಸ್ಟಾರ್ಟರ್, ತೂಕದ ಬಟ್ಟುಗಳು ಮತ್ತು ಅವುಗಳ ಕೆಳಗೆ ಎರಡು ತಲೆಮಾರಿನ ಕಂಪ್ಯೂಟರ್ ಪೆಟ್ಟಿಗೆಗಳು. ನಮ್ಮ ಷೆಡ್ಡೂ ಹೀಗೆಯೇ ಇತ್ತು. ಒಂದು ಮಳೆಗಾಲದ ಸಂಜೆ ಅಂತರಜಾಲದ ರೂಟರಿನ ಅಡಾಪ್ಟರ್ ಕೆಟ್ಟಿತೆಂದು ಷೆಡ್ಡಿನ ರಾಶಿಯಿಂದ ಪಿನ್ನು ಹೊಂದುವ ಮತ್ತೊಂದನ್ನು ತಂದು ಚುಚ್ಚಿದೆ. ರೂಟರಿಗೆ ಬೇಕಾದುದು 12 ವೋಲ್ಟ್. ನನ್ನ ಕೈಗೆ ಸಿಕ್ಕಿದ್ದು ಹಳೆಯ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್. ಕ್ಷಣಾರ್ಧದಲ್ಲಿ ಸುಟ್ಟ ವಾಸನೆ ಬಂದಿತು. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಎಲ್ಲವೂ ಮುದ್ರಿತವಾಗಿತ್ತು; ಓದುವ ವ್ಯವಧಾನ ನನಗಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಪ್ರತಿ ಅಡಾಪ್ಟರಿಗೂ ಬಿಳಿಯ ಟೇಪು ಸುತ್ತಿ ಯಂತ್ರದ ಹೆಸರು, ವೋಲ್ಟ್ ಹಾಗೂ ಆಂಪಿಯರ್ ಬರೆದಿಡುವ ಪದ್ಧತಿ ಬಂದಿದೆ. ವೋಲ್ಟ್ ಸರಿಸಮನಾಗಿರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬಹುದು, ಪಿನ್ನಿನ ಒಳಭಾಗ ಧನವೋ ಋಣವೋ ಎಂಬ ಚಿಹ್ನೆ ಹೊಂದಬೇಕು. ಈ ಮೂರನ್ನು ನೋಡಿದ ಬಳಿಕವೇ ಚುಚ್ಚುವುದು.

ಷೆಡ್ಡಿನ ಒಂದು ಗೋಡೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಸಾಕು. ಎದೆಮಟ್ಟದಲ್ಲಿ ಒಂದು ಹಲಗೆ, ಅದರ ಮೇಲೆ ಒಳ್ಳೆಯ ಬೆಳಕು, ಮೂರು ಪಿನ್ನಿನ ಭೂಸಂಪರ್ಕವುಳ್ಳ ಸಾಕೆಟ್, ಒಂದು ಮಲ್ಟಿಮೀಟರ್, ನಾಲ್ಕಾರು ಸ್ಕ್ರೂಡ್ರೈವರ್. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಮಾತ್ರೆ ಡಬ್ಬಿಗಳಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸುವುದು ಒಳಿತು; ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಒಳಗಿನ ಫಲಕವನ್ನೇ ತೂತು ಮಾಡೀತು. ಒಂದು ಎಚ್ಚರಿಕೆ: ಕೊಬ್ಬರಿ ಅಥವಾ ಅಡಿಕೆ ದಾಸ್ತಾನಿರುವ ಕೊಠಡಿಯಲ್ಲಿ ಈ ಸಾಮಗ್ರಿ ಬೇಡ. ಕೊಬ್ಬರಿಯನ್ನು ಅರಸಿ ಬಂದ ಇಲಿ ತಂತಿಯನ್ನೂ ಬಿಡದು, ಅಡಿಕೆ ಸಿಪ್ಪೆಯ ನವಿರಾದ ದೂಳು ಫ್ಯಾನಿನೊಳಗೆ ಸೇರಿದರೆ ಸುಲಭಕ್ಕೆ ಹೊರಬಾರದು.

ಇನ್ನು ಸಾಮಾನ್ಯ ದೋಷಗಳು. ಅಂತರಜಾಲವಿಲ್ಲದ ಯಂತ್ರವನ್ನು ಬೆಳಗ್ಗೆ ಚಾಲೂ ಮಾಡಿದಾಗ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಿದರೆ, ಬಿಲ್ಲುಗಳೂ ಅದೇ ದಿನಾಂಕದಲ್ಲಿ ಮುದ್ರಿತವಾಗುತ್ತವೆ. ಇದಕ್ಕೆ ಕಾರಣ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ, 3 ವೋಲ್ಟಿನ ಸಿ.ಆರ್.2032 ಸೆಲ್ ಬರಿದಾಗಿರುವುದು. ಕರೆಂಟಿನ ತಂತಿ ಕಳಚಿ, ಹಳೆಯದನ್ನು ತೆಗೆದು, ಬರಹವಿರುವ ಮುಖ ಮೇಲಾಗಿ ಹೊಸದನ್ನು ಕೂರಿಸಿದರೆ ಆಯಿತು. ಯಂತ್ರವು ಬೀಪ್ ಸದ್ದು ಮಾಡಿ ಪರದೆ ಕಪ್ಪಾಗಿಯೇ ಉಳಿದರೆ, ಬಹುತೇಕ ಸಂದರ್ಭಗಳಲ್ಲಿ ರ್‍ಯಾಮ್ ಪಟ್ಟಿ ಸಡಿಲಗೊಂಡಿರುತ್ತದೆ. ಕಳಚಿ, ಹೊನ್ನಿನ ಬಣ್ಣದ ಅಂಚನ್ನು ಸ್ವಚ್ಛಗೊಳಿಸಿ, ಎರಡೂ ತುದಿಯ ಕೊಂಡಿ ಟಕ್ಕೆನ್ನುವಂತೆ ಒತ್ತಬೇಕು. ಕರೆಂಟು ಹೋದೊಡನೆ ಯಂತ್ರವೂ ಆರಿದರೆ ಯು.ಪಿ.ಎಸ್. ಕೆಟ್ಟಿತೆಂದು ಎಸೆಯಬೇಡಿ. 600 ವಿ.ಎ. ಯು.ಪಿ.ಎಸ್.ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಅದರ ಆಯುಷ್ಯವೇ ಎರಡು ಮೂರು ವರ್ಷ, ಅದನ್ನಷ್ಟೇ ಬದಲಿಸಬಹುದು.

ಇವೆಲ್ಲ ಸಣ್ಣ ತೊಂದರೆಗಳು. ನಿಜವಾದ ಅಪಾಯವಿರುವುದು ಹಾರ್ಡ್ ಡಿಸ್ಕಿನಲ್ಲಿ. ಜಿ.ಎಸ್.ಟಿ. ಕಾನೂನಿನ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಿಡುವುದು ವರ್ತಕರ ಹೊಣೆ. ಡಿಸ್ಕ್ ಕೆಟ್ಟಿತೆಂಬ ಕಾರಣ ಅಧಿಕಾರಿಗಳ ಮುಂದೆ ಸಲ್ಲುವುದು ಕಷ್ಟ. ರೈತರಿಗೆ ಕೊಟ್ಟ ಮುಂಗಡ, ಬರಬೇಕಾದ ಬಾಕಿ ಎಲ್ಲವೂ ಅದರಲ್ಲಿಯೇ ಇರುತ್ತವೆ. ಹಳೆಯ ಮಾದರಿಯ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಬಾರಿ ತಿರುಗುತ್ತಿರುತ್ತವೆ. ಓದುವ ಮುಳ್ಳು ಅವುಗಳಿಂದ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಹಠಾತ್ತಾಗಿ ಕರೆಂಟು ಹೋಗುವುದು, ಚಾಲೂ ಇರುವಾಗ ಪೆಟ್ಟಿಗೆಯನ್ನು ಸರಿಸುವುದು ಇದಕ್ಕೆ ಒಳ್ಳೆಯದಲ್ಲ. ಟಿಕ್ ಟಿಕ್ ಎಂಬ ಸದ್ದು ಕೇಳಿಬಂದರೆ ಯಂತ್ರವನ್ನು ಒಡನೆಯೇ ಆರಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದರಿಂದ ಉಳಿದ ಮಾಹಿತಿಯೂ ನಾಶವಾಗುತ್ತದೆ. ಡಿಸ್ಕನ್ನು ಮನೆಯಲ್ಲಿ ಬಿಚ್ಚಲೇಬಾರದು. ಒಳಹೊಕ್ಕ ಒಂದು ಕಣ ದೂಳು ಸಾಕು.

ಇದಕ್ಕಿರುವ ಉಪಾಯ ದುರಸ್ತಿಯಲ್ಲ, ಪ್ರತಿಯಿಡುವುದು. ಪ್ರತಿ ಸಂಜೆ ಅಂಗಡಿ ಮುಚ್ಚುವ ಮುನ್ನ ಒಂದು ಪ್ರತಿ ಹೊರಗಿನ ಡಿಸ್ಕಿಗೆ, ವಾರಕ್ಕೊಮ್ಮೆ ಇನ್ನೊಂದು ಪ್ರತಿ ಬೇರೆ ಡಿಸ್ಕಿಗೆ. ಎರಡನೆಯದು ಮಂಡಿಯಲ್ಲಿರದೆ ಮನೆಯಲ್ಲಿರಬೇಕು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಯಂತ್ರಕ್ಕೆ ಸಿಕ್ಕಿಸಿಯೇ ಇಟ್ಟ ಪ್ರತಿಯು ಯಂತ್ರದೊಡನೆಯೇ ಹೋದೀತು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದನ್ನೂ ಮರೆಯಬಾರದು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಮಾರುಕಟ್ಟೆಯ ಸುದ್ದಿಯನ್ನೂ ಇಲ್ಲಿ ಹೇಳಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೊಸದನ್ನೇ ಕೊಳ್ಳೋಣವೆಂದರೆ, 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯೇ ಇದಕ್ಕೆ ಮುಖ್ಯ ಕಾರಣ; ಮೈಕ್ರಾನ್ ಸಂಸ್ಥೆಯಂತೂ ಆ ವರ್ಷದ ಡಿಸೆಂಬರಿನಲ್ಲಿ ತನ್ನ ಕ್ರೂಷಿಯಲ್ ಎಂಬ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಧಾರಣೆ ಏರುವಾಗ ದಾಸ್ತಾನಿನ ಬೆಲೆ ಅರಿತಿರುವ ನಾವು ಷೆಡ್ಡಿನಲ್ಲಿ ಬಿದ್ದಿರುವ ಹಳೆಯ ರ್‍ಯಾಮ್ ಪಟ್ಟಿಗಳನ್ನು ಗುಜರಿಗೆ ಹಾಕುವುದು ತರವಲ್ಲ. ಆದರೆ ಡಿ.ಡಿ.ಆರ್.3 ಪಟ್ಟಿ ಡಿ.ಡಿ.ಆರ್.4ರ ಜಾಗಕ್ಕೆ ಕೂರದು; ಕಚ್ಚಿನ ಸ್ಥಾನವೇ ಬೇರೆ, ಒತ್ತಾಯ ಬೇಡ. ಲೆಕ್ಕ ಬರೆಯಲಷ್ಟೇ ಬಳಸುವ ಯಂತ್ರವು ನಿಧಾನವಾಗಿದ್ದಲ್ಲಿ, ತಿರುಗುವ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ ಸಿಗುವ ವೇಗ ಬೇರಾವ ಬದಲಾವಣೆಯಿಂದಲೂ ಸಿಗದೆಂಬುದು ನನ್ನ ಅನುಭವ.

ಮುಟ್ಟಬಾರದವು ಮೂರು. ಕಂಪ್ಯೂಟರಿನ ಎಸ್.ಎಂ.ಪಿ.ಎಸ್. ಪೆಟ್ಟಿಗೆಯೊಳಗಿನ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ಸಂಗ್ರಹವಾಗಿರುತ್ತದೆ, ತಂತಿ ಕಳಚಿದ ಮೇಲೂ ಕೆಲಕಾಲ ಉಳಿಯಬಹುದು. ಉಬ್ಬಿದ ಮೊಬೈಲ್ ಅಥವಾ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚುಚ್ಚಿದರೆ, ಒತ್ತಿದರೆ ಬೆಂಕಿ ಹತ್ತೀತು. ಮೂರನೆಯದು ತೂಕದ ಯಂತ್ರ. ಅದರ ಪರದೆ ಮಂಕಾಗಲಿ, ತೂಕ ವ್ಯತ್ಯಾಸವಾಗಲಿ, ಕಾನೂನು ಮಾಪನ ಇಲಾಖೆಯ ಮುದ್ರೆಯನ್ನು ಒಡೆದು ಒಳಗೆ ಕೈಹಾಕುವಂತಿಲ್ಲ. ಎಷ್ಟೇ ಸದುದ್ದೇಶವಿದ್ದರೂ ಒಡೆದ ಮುದ್ರೆಯು 2009ರ ಕಾನೂನಿನಡಿ ತೊಂದರೆಗೆ ದಾರಿ, ಅದಕ್ಕಿಂತ ಮಿಗಿಲಾಗಿ ರೈತರ ಸಂಶಯಕ್ಕೆ ದಾರಿ. ಪರವಾನಗಿ ಪಡೆದ ದುರಸ್ತಿದಾರರಿಂದಲೇ ಸರಿಪಡಿಸಿ, ಮರಳಿ ಮುದ್ರೆ ಹಾಕಿಸಬೇಕು. ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಹೇಗೂ ವರ್ಷಕ್ಕೊಮ್ಮೆ ಪರಿಶೀಲನೆ ಕಡ್ಡಾಯ.

ದುರಸ್ತಿಗೆ ನಿಲುಕದ್ದನ್ನು ಗುಜರಿಯವರಿಗೆ ಕೆ.ಜಿ. ಲೆಕ್ಕದಲ್ಲಿ ಕೊಡುವುದು ರೂಢಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇದು ನೋಂದಾಯಿತ ಮರುಬಳಕೆದಾರರನ್ನು ಸೇರಬೇಕು. ಯು.ಪಿ.ಎಸ್., ಇನ್ವರ್ಟರ್‌ಗಳ ಸೀಸದ ಬ್ಯಾಟರಿಗಳನ್ನು ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ಕಡಿತವೂ ದೊರೆಯುತ್ತದೆ. ಯಾರಿಗೇ ಕೊಟ್ಟರೂ ಮೊದಲು ಹಾರ್ಡ್ ಡಿಸ್ಕನ್ನು ಕಳಚಿಟ್ಟುಕೊಳ್ಳಿ. ಅಳಿಸಿದ ಲೆಕ್ಕವನ್ನು ಮರಳಿ ತೆಗೆಯುವುದು ಬಲ್ಲವರಿಗೆ ಕಷ್ಟವಲ್ಲ. ಅವಧಿ ಮುಗಿದ ಲೆಕ್ಕದ ಡಿಸ್ಕಿಗೆ, ತಟ್ಟೆಗಳನ್ನು ಹಾಯ್ದು ಹೋಗುವಂತೆ ಮೂರು ನಾಲ್ಕು ಕಡೆ ರಂಧ್ರ ಕೊರೆಯುವುದು ನಮ್ಮ ಪದ್ಧತಿ. ಷೆಡ್ಡಿನ ಡ್ರಿಲ್ ಯಂತ್ರಕ್ಕೆ ವರ್ಷದಲ್ಲಿ ಒಮ್ಮೆಯಾದರೂ ಸಿಗುವ ಕೆಲಸ ಅದು.